ರೈಫಲ್ ಸ್ಕೋಪ್ ಹೊಂದಿಸಲು ಬೋರ್‌ಸೈಟರ್ ಆರಿಸುವುದು ಹೇಗೆ?

ಹೊಸ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿದ ರೈಫಲ್‌ನ ಮೊದಲ ಕೆಲವು ಗುಂಡುಗಳು ಗುರಿಹಾಳೆಯನ್ನೇ ಮುಟ್ಟದೆ ಹಿಂದಿನ ಮಣ್ಣುದಿಬ್ಬ ಸೇರುವುದುಂಟು. ಸ್ಕೋಪಿನ ಅಡ್ಡಗೆರೆಯನ್ನು ಮೊದಲೇ ನಳಿಗೆಯ ನೇರಕ್ಕೆ ತಂದು ಆ ತೋಟಾಗಳನ್ನು ಉಳಿಸುವುದು ಬೋರ್‌ಸೈಟರ್‌ನ ಕೆಲಸ. ಕೊನೆಯ ಹೊಂದಾಣಿಕೆ ಗುಂಡು ಹಾರಿಸಿಯೇ ಆಗಬೇಕು.

ನಿಮ್ಮದು ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ಹಿಂದಕ್ಕೆ ಕಳಚಿ ಬರುವ ರೈಫಲ್ ಆಗಿದ್ದರೆ ಹಣ ಖರ್ಚು ಮಾಡುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ರೈಫಲನ್ನು ಮರಳಿನ ಚೀಲಗಳ ಮೇಲೆ ಕದಲದಂತೆ ಇಟ್ಟು, ಬೋಲ್ಟ್ ತೆಗೆದು ಹಿಂದಿನಿಂದ ನಳಿಗೆಯೊಳಗೆ ನೋಡುತ್ತಾ 25 ಮೀಟರ್ ಆಚೆಯ ಕಪ್ಪು ವೃತ್ತವನ್ನು ನಡುವಿಗೆ ತನ್ನಿ. ಬಳಿಕ ಸ್ಕೋಪಿನ ತಿರುಪುಗಳಿಂದ ಅಡ್ಡಗೆರೆಯನ್ನು ಅದೇ ವೃತ್ತಕ್ಕೆ ತಂದರೆ ಸಾಕು. ಹೀಗೆ ಹಿಂದಿನಿಂದ ನೋಡಲು ಬಾರದ ರೈಫಲ್‌ಗಳಿಗೆ ಉಪಕರಣ ಬೇಕು.

ತೋಟಾ ಆಕಾರದ ಲೇಸರ್, ತೋಟಾ ತುಂಬುವ ಜಾಗವಾದ ಚೇಂಬರಿನಲ್ಲಿ ಕೂರುತ್ತದೆ. ಬಳಸಲು ಸುಲಭ, ಆದರೆ ಪ್ರತಿ ಅಳತೆಯ ತೋಟಾಕ್ಕೂ ಬೇರೆಯದೇ ಬೇಕು. ಬೇರೆಬೇರೆ ಬೋರ್‌ನ (ನಳಿಗೆಯ ಒಳ ಅಗಲದ) ರೈಫಲ್‌ಗಳಿದ್ದವರಿಗೆ ನಳಿಗೆಯ ಬಾಯಿಗೆ ತೂರಿಸುವ, ಹಲವು ಗಾತ್ರದ ಕಡ್ಡಿಗಳೊಡನೆ ಬರುವ ಲೇಸರ್ ಲಾಭದಾಯಕ. ಬಿಸಿಲಿನಲ್ಲಿ ಹಸಿರು ಚುಕ್ಕೆ ಕೆಂಪಿಗಿಂತ ಚೆನ್ನಾಗಿ ಕಾಣುತ್ತದೆ.

ಬಾಯಿಗೆ ತೂರಿಸುವ ಲೇಸರನ್ನು ಪರೀಕ್ಷಿಸದೆ ನಂಬಬೇಡಿ. ರೈಫಲನ್ನು ಭದ್ರವಾಗಿಟ್ಟು, 25 ಮೀಟರ್ ದೂರದ ಗೋಡೆಯ ಮೇಲೆ ಚುಕ್ಕೆ ಬಿಟ್ಟು, ಉಪಕರಣವನ್ನು ಬೆರಳುಗಳಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಚುಕ್ಕೆ ಇದ್ದಲ್ಲೇ ನಿಂತರೆ ಸರಿ. ಅದು 5 ಸೆಂ.ಮೀ. ಅಗಲದ ವೃತ್ತ ಬರೆದರೆ ಲೇಸರ್ ಎರಡೂವರೆ ಸೆಂ.ಮೀ. ಓರೆಯಾಗಿದೆ ಎಂದರ್ಥ, ಇದೇ ಓರೆ 100 ಮೀಟರಿನಲ್ಲಿ 10 ಸೆಂ.ಮೀ. ಆಗುತ್ತದೆ. ವೃತ್ತದ ನಡುಬಿಂದುವನ್ನು ಗುರುತಿಸಿ ಅಡ್ಡಗೆರೆಯನ್ನು ಅಲ್ಲಿಗೆ ಹೊಂದಿಸಿದರೆ ಓರೆ ಲೇಸರಿನಿಂದಲೂ ಕೆಲಸವಾಗುತ್ತದೆ. ಆದರೂ ಹಿಂತಿರುಗಿಸಲು ಒಪ್ಪುವ ಅಂಗಡಿಯಲ್ಲೇ ಕೊಳ್ಳಿ.

ಲೇಸರ್ ಇಲ್ಲದ ಕೊಲಿಮೇಟರ್ ನಳಿಗೆಯ ತುದಿಯಲ್ಲಿ ನಿಲ್ಲುತ್ತದೆ, ಸ್ಕೋಪಿನಲ್ಲಿ ಚೌಕಗಳ ಜಾಲವನ್ನು ತೋರಿಸುತ್ತದೆ. ನನಗೆ ಹೆಚ್ಚು ಮೆಚ್ಚುಗೆ ಇದರ ಮೇಲೆಯೇ. ಗುಂಡು ಹಾರಿಸಿ ಸ್ಕೋಪ್ ಸರಿಪಡಿಸಿದ ದಿನ ಅಡ್ಡಗೆರೆ ಯಾವ ಚೌಕದಲ್ಲಿದೆ ಎಂದು ಬರೆದಿಟ್ಟುಕೊಂಡರೆ, ದೂರ ಪ್ರಯಾಣದ ನಂತರ ಅಥವಾ ರೈಫಲ್ ಕೈಜಾರಿ ಬಿದ್ದಾಗ ಸ್ಕೋಪ್ ಕದಲಿದೆಯೇ ಎಂಬುದನ್ನು ಒಂದೂ ತೋಟಾ ವ್ಯಯಿಸದೆ ತಿಳಿಯಬಹುದು. ಅಯಸ್ಕಾಂತದಿಂದ ಅಂಟುವ ಬಗೆಗೆ ನಳಿಗೆಯ ಬಾಯಿ ಸಮತಟ್ಟಾದ ಉಕ್ಕಿನದಾಗಿರಬೇಕು.

ಲೇಸರ್ ನೇರ ಹೋಗುತ್ತದೆ, ಗುಂಡು ಬೀಳುತ್ತಾ ಹೋಗುತ್ತದೆ. ಕೊಡಗಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಿಂದ ನಮಗೆ ಪರಿಚಿತವಾದ ಪಾಯಿಂಟ್ 22 ರೈಫಲನ್ನೇ ನೋಡಿ: ಅಡ್ಡಗೆರೆ 25 ಮೀಟರಿನಲ್ಲಿ ಲೇಸರ್ ಚುಕ್ಕೆಯ ಮೇಲೆಯೇ ಇದ್ದರೂ, ಸೆಕೆಂಡಿಗೆ ಸುಮಾರು 330 ಮೀಟರ್ ವೇಗದ ಗುಂಡು ಸುಮಾರು 3 ಸೆಂ.ಮೀ. ಕೆಳಗೆ ತಾಗುತ್ತದೆ. ಲೇಸರ್ ಕೆಟ್ಟಿದೆ ಎಂದು ಆಗ ದೂರಬೇಡಿ. ತಿರುಪಿನ ಒಂದು ಕ್ಲಿಕ್ಕಿಗೆ ಕಾಲು ಮಿನಿಟ್ ಕೋನ (ಮಿನಿಟ್ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಸರಿಯುವ ಸ್ಕೋಪ್ ಆದರೆ, 25 ಮೀಟರಿನಲ್ಲಿ ಪ್ರತಿ ಕ್ಲಿಕ್ಕಿಗೂ ಸುಮಾರು 1.8 ಮಿ.ಮೀ. ಸರಿಯುವುದರಿಂದ, ಹದಿನಾರು ಹದಿನೇಳು ಕ್ಲಿಕ್ಕಿನಲ್ಲಿ ಅದು ಸರಿಹೋಗುತ್ತದೆ.

ಮೊದಲ ತೋಟಾ ತುಂಬುವ ಮುನ್ನ ಉಪಕರಣವನ್ನು ಕಳಚಿ ಎದುರಿನ ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆ ಇಡಿ. ಅದು ಬಾಯಲ್ಲೇ ಉಳಿದಾಗ ಗುಂಡು ಹಾರಿದರೆ ನಳಿಗೆ ಸಿಡಿಯಬಹುದು.