ತಾಂಡಾದ ಸಭೆ ರಾತ್ರಿ 8ಕ್ಕೆ

2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ನಾನು ಗ್ರಾಮ ಪಂಚಾಯಿತಿ ಸದಸ್ಯೆಯಾದೆ. ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕು. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಅದನ್ನು ಸಮಿತಿ ಹೇಳಬೇಕಾಗಿರಲಿಲ್ಲ ಬಿಡಿ. ಸುಗ್ಗಿ ಮುಗಿದರೆ ಅರ್ಧ ತಾಂಡಾಕ್ಕೆ ಬೀಗ, ಎಲ್ಲರೂ ಕೂಲಿ ಹುಡುಕಿ ಊರು ಬಿಟ್ಟು ಗುಳೆ.

ಗುಳೆ ತಡೆಯಲು ಉದ್ಯೋಗ ಖಾತ್ರಿ ಇತ್ತಲ್ವಾ? ಅದರಲ್ಲಿ ಯಾವ ಕೆಲಸ ಬೇಕೆಂದು ಕೇಳಲು ಮೊದಲ ವಾರ್ಡ್ ಸಭೆಯನ್ನು ಬೆಳಿಗ್ಗೆ 11ಕ್ಕೆ ಇಟ್ಟೆವು. ಬಂದವರು ಕಟ್ಟೆ ಮೇಲೆ ಕೂರುವ ಹಿರಿಯರು. ಅವರು ಕೇಳಿದ್ದು ಸಿಸಿ ರಸ್ತೆ. ಕೂಲಿ ಬೇಕಾದ ಹೆಂಗಸರು ಹತ್ತಿ ಹೊಲದಲ್ಲಿದ್ದರು. ಮುಂದಿನ ಸಲ ಹಟ ಹಿಡಿದು ರಾತ್ರಿ 8ಕ್ಕೆ, ಸೇವಾಲಾಲ್ ಗುಡಿ ಮುಂದೆ ಇಡಿಸಿದೆ. ಪಿಡಿಒ ಗೊಣಗುತ್ತಲೇ ಬಂದರು.

ನನಗೆ ಲಂಬಾಣಿ ಅಷ್ಟಿಷ್ಟು ತಿಳಿಯುತ್ತದೆ, ಮಾತಾಡಲು ಬರುವುದಿಲ್ಲ. ಕಾಲೇಜಿಗೆ ಹೋಗುವ ತಾಂಡಾದ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ದುಡಿದಾರಂತ ಅಕ್ಕಾ, ರೊಕ್ಕ ಬಂದಿಲ್ಲಂತ" ಅಂದಳು.

ಮರುದಿನ ಜಾಬ್ ಕಾರ್ಡ್, ಆಧಾರ್, ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ಓದಿದೆವು. ಒಂದರಲ್ಲಿ ಸೋನಾಬಾಯಿ, ಇನ್ನೊಂದರಲ್ಲಿ ಸೋನಿಬಾಯಿ, ಮತ್ತೊಂದರಲ್ಲಿ ಬರೀ ಸೋನಿ. ಬರೆದವರು ಕಿವಿಗೆ ಬಿದ್ದ ಹಾಗೆ ಬರೆದಿದ್ದರು. ಮುಸ್ಲಿಂ ಓಣಿಯಲ್ಲೂ ಇದೇ ಕಥೆ: ಒಂದು ಕಡೆ ಬೀ, ಇನ್ನೊಂದು ಕಡೆ ಬೇಗಂ. ಊರಲ್ಲಿ ಇದು ಗೊಂದಲವೇ ಅಲ್ಲ, ಕಂಪ್ಯೂಟರಿಗೆ ಮಾತ್ರ ಇವರು ಬೇರೆ ಬೇರೆ ಹೆಂಗಸರು! 2024ರ ಜನವರಿ 1ರಿಂದ ಆಧಾರ್ ಮೂಲಕವೇ ಕೂಲಿ ಪಾವತಿ ಕಡ್ಡಾಯವಾದಾಗ ತಲೆನೋವು ಇನ್ನೂ ಜಾಸ್ತಿಯಾಯಿತು. ಒಂದು ಬ್ಯಾಂಕ್ ಶಾಖೆಯವರು ನಮ್ಮನ್ನು ಮೂರು ಸಲ ವಾಪಸ್ ಕಳಿಸಿದರು. ನಾಲ್ಕನೇ ಸಲ ಎರಡು ಟಂಟಂ ತುಂಬ ಹೆಂಗಸರನ್ನು ಕರೆದುಕೊಂಡು ಹೋದೆ. ಅವತ್ತೇ ಕೆಲಸ ಆಯಿತು.

ಇನ್ನೊಂದು ಪಾಠ ತಡವಾಗಿ ಕಲಿತೆ. ಕೆಲಸ ಕೇಳಿ ನಮೂನೆ 6 ಕೊಟ್ಟಾಗ ತಾರೀಖು ಹಾಕಿದ ರಸೀದಿ ಇಸಿದುಕೊಳ್ಳಬೇಕಿತ್ತು. 15 ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳುವ ಹಕ್ಕಿತ್ತು. ರಸೀದಿ ಇಲ್ಲದೆ ಎಷ್ಟು ದಿನ ಆಯಿತೆಂದು ತೋರಿಸುವುದು ಹೇಗೆ? ಮೊದಲ ವರ್ಷ ಸುಮ್ನೆ ಅರ್ಜಿ ಕೊಟ್ಟು ಬಂದಿದ್ದೆವು.

ಗುಳೆ ನಿಂತಿತಾ? ಇಲ್ಲ. 2023-24ರಲ್ಲಿ ಖಾತ್ರಿ ಕೂಲಿ ದಿನಕ್ಕೆ 316 ರೂಪಾಯಿ. ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ಅದಕ್ಕಿಂತ ಜಾಸ್ತಿ ಸಿಗುತ್ತಿತ್ತು, ಗಂಡಸರು ಹೋದರು. ಹೆಂಗಸರು ಕೆಲವರು ಉಳಿದರು. ಆ ಮನೆಗಳ ಮಕ್ಕಳು ಪರೀಕ್ಷೆವರೆಗೂ ಶಾಲೆ ಬಿಡಲಿಲ್ಲ.