ದಿನಕ್ಕೆ 27 ಗಂಟೆ

ಎಂಜಿನಿಯರಿಂಗ್ ಮಕ್ಕಳಿಗೆ ಬಡತನ, ಅಸಮಾನತೆಯ ಪಾಠ ಶುರು ಮಾಡಿದ ವರ್ಷ ನಾನು ಮಾಡಿದ್ದು ಬರೀ ಭಾಷಣ. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಬಣ್ಣದ ಚೌಕಗಳು, ಜೊತೆಗೆ ಕರುಳು ಹಿಂಡುವ ಫೋಟೋಗಳು. ಎಲ್ಲರೂ ತಲೆಯಾಡಿಸಿದರು, ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದರು. ಅವರ ಡ್ರಾಯಿಂಗ್‌ಗಳಲ್ಲಿ ಮಾತ್ರ ಒಂದು ಗೆರೆಯೂ ಬದಲಾಗಲಿಲ್ಲ.

ಈಗ ಲೆಕ್ಕದಿಂದ ಶುರು ಮಾಡುತ್ತೇನೆ. ಮಕ್ಕಳು ಕೂತು ಗಿರಗಿರ ತಿರುಗುವ ಆಟದ ಚಕ್ರಕ್ಕೆ ಬೋರ್‌ವೆಲ್ ಪಂಪು ಜೋಡಿಸಿದ್ದಾರೆ, ಅವರು ಆಡಿದಷ್ಟೂ ಟ್ಯಾಂಕಿಗೆ ನೀರು ಅಂತ ಹೇಳಿ ಮೂರು ಅಂಕಿ ಕೊಡುತ್ತೇನೆ. ಒಂದು ಪಂಪಿಗೆ 2,500 ಜನ. ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್. ಪಂಪು ಗಂಟೆಗೆ ಎತ್ತುವುದು 1,400 ಲೀಟರ್. ಮಕ್ಕಳು ದಿನಕ್ಕೆ ಎಷ್ಟು ಗಂಟೆ ಆಡಬೇಕು?

ಉತ್ತರ ಸುಮಾರು 27 ಗಂಟೆ. ಕ್ಯಾಲ್ಕುಲೇಟರ್‌ನಲ್ಲಿ ತಪ್ಪು ಒತ್ತಿದೆವು ಅಂದುಕೊಂಡು ಎಲ್ಲರೂ ಇನ್ನೊಮ್ಮೆ ಮಾಡುತ್ತಾರೆ. ಆಮೇಲೆ ಹೇಳುತ್ತೇನೆ: ಇದು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಪ್ಲೇಪಂಪ್. 2006ರಲ್ಲಿ ಅಮೆರಿಕದ ಸರ್ಕಾರ, ದಾನಿಗಳು ಸೇರಿ ದೊಡ್ಡ ಮೊತ್ತ ಘೋಷಿಸಿದ್ದರು. 2010ರೊಳಗೆ 4,000 ಹಾಕುವ ಗುರಿ ಇತ್ತು, ಅದು ಮುಟ್ಟಲಿಲ್ಲ. ಮಕ್ಕಳು ಶಾಲೆಯಲ್ಲಿದ್ದಾಗ ಚಕ್ರ ತಿರುಗಿಸಿದವರು ಯಾರು ಅಂತ ಕೇಳಿದರೆ ತರಗತಿ ತಣ್ಣಗಾಗುತ್ತದೆ. ಬಗ್ಗಿ ಬಗ್ಗಿ ತಳ್ಳಿದ್ದು ಹೆಂಗಸರು. ನಾನು ಭಾಷಣದಲ್ಲಿ ಹೇಳಲಾಗದ್ದನ್ನು ಒಂದು ಭಾಗಾಕಾರ ಹೇಳಿತು.

ನಮ್ಮದೇ ಎಡವಟ್ಟೂ ಇದೆ. ಒಂದು ತಂಡ ನೀರಿನ ಫಿಲ್ಟರ್ ಮಾಡಿತ್ತು. ಲ್ಯಾಬಿನಲ್ಲಿ ಫಸ್ಟ್ ಕ್ಲಾಸ್. ಊರಲ್ಲಿ ಇಟ್ಟು, 40 ಪ್ರಶ್ನೆಗಳ ಫಾರಂ ಹಿಡಿದು ಕೇಳಿದರೆ ಎಲ್ಲರೂ "ಚೆನ್ನಾಗಿದೆ" ಅಂದರು. ಪುಕ್ಕಟೆ ತಂದುಕೊಟ್ಟವರ ಮುಖಕ್ಕೆ ಇನ್ನೇನು ಹೇಳುತ್ತಾರೆ ಅಲ್ವಾ? ತಿಂಗಳ ಮೇಲೆ ಹೋದಾಗ ಅದರಲ್ಲಿ ಕಾಳು ತುಂಬಿಟ್ಟಿದ್ದರು. ನೀರು ಸುರಿಯುವ ಬಾಯಿ ನಮ್ಮ ತಂಡದ ಉದ್ದನೆಯ ಹುಡುಗನ ಎದೆಮಟ್ಟಕ್ಕಿತ್ತು. ತುಂಬಿದ ಕೊಡವನ್ನು ಹೆಂಗಸರು ದಿನಾ ಹೆಗಲಿಗಿಂತ ಮೇಲೆ ಎತ್ತಬೇಕಿತ್ತು. ಆ ಡ್ರಾಯಿಂಗಿಗೆ ಸಹಿ ಹಾಕಿದ್ದು ನಾನೇ.

ಅಂದಿನಿಂದ ಫಾರಂ ಬಂದ್. ವಿದ್ಯಾರ್ಥಿಗಳು ಮೊದಲು ಒಂದು ದಿನ ಊರಿನ ಹೆಂಗಸರ ಜೊತೆ ನೀರು ಹೊರಬೇಕು, ಗಡಿಯಾರ ನೋಡಿ ನಿಮಿಷ ಬರೆಯಬೇಕು.

ಜಾಸ್ತಿ ಹೊತ್ತು ಹೋಗುವುದು ಕೈಪಂಪಿನ ಪಾಠಕ್ಕೆ. ಇಂಡಿಯಾ ಮಾರ್ಕ್ 2 ಅನ್ನುವ ಕೈಪಂಪಿನಲ್ಲಿ ಒಳಗಿನ ವಾಷರ್ ಸವೆದರೆ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ತರಬೇತಾದ ತಂಡ, ಗಾಡಿ ಬೇಕು. ಅದರ ಮುಂದಿನ ಮಾದರಿ ಮಾರ್ಕ್ 3ರಲ್ಲಿ ಪೈಪಿನ ಅಗಲ ಹೆಚ್ಚು. ವಾಷರ್ ಕೂತಿರುವ ಪಿಸ್ಟನ್ ಪೈಪಿನೊಳಗಿಂದಲೇ ಹೊರಗೆ ಬರುತ್ತದೆ, ಊರಿನವರೇ ಬಿಚ್ಚಿ ಕಟ್ಟಬಹುದು. ಪೈಪು ದಪ್ಪ, ಹಾಗಾಗಿ ದುಬಾರಿ. ಆದರೆ ಸ್ಪ್ಯಾನರ್ ಯಾರ ಕೈಯಲ್ಲಿರಬೇಕು ಅನ್ನುವುದನ್ನು ಆ ಅಗಲವೇ ತೀರ್ಮಾನಿಸುತ್ತದೆ. ಈಗ ಪ್ರಾಜೆಕ್ಟಿನ 100 ಅಂಕದಲ್ಲಿ 40 ರಿಪೇರಿಗೆ: ಕೆಟ್ಟರೆ ಯಾರು, ಯಾವ ಸಾಮಾನಿನಿಂದ, ಯಾರ ದುಡ್ಡಲ್ಲಿ?

ಕಳೆದ ಬಾರಿ ಒಂದು ತಂಡ ಏನನ್ನೂ ಮಾಡಲೇ ಇಲ್ಲ. ಅವರು ಎಣಿಸಿದ ನಿಮಿಷಗಳ ಪ್ರಕಾರ ತೊಂದರೆ ನೀರಿನದ್ದಲ್ಲ, ನಲ್ಲಿ ಬಿಡುವ ಹೊತ್ತಿನದ್ದು. ಕೂಲಿಗೆ ಹೊರಡುವ ವೇಳೆಗೇ ನೀರು ಬರುತ್ತಿತ್ತು. ವಾಲ್ವು ತಿರುಗಿಸುವವರ ಜೊತೆ ಕೂತು ಹೊಸ ವೇಳಾಪಟ್ಟಿ ಬರೆದು ತಂದರು.

"ಮೇಡಂ, ಇದಕ್ಕೂ ಮಾರ್ಕ್ಸ್ ಇದೆಯಾ?"

ಹೊರಗಿನಿಂದ ಬಂದ ಪರೀಕ್ಷಕರು ಎಂಜಿನಿಯರಿಂಗ್ ಎಲ್ಲಿದೆ ಅಂತ ಮುಖ ಸಿಂಡರಿಸಿದರು. ನಾನು 86 ಕೊಟ್ಟೆ, ಅವರು 52. ಸರಾಸರಿ ತೆಗೆದು 69 ಅಂತ ಬರೆದೆವು.