ಕಛೇರಿ ಮಾಡಿದವರು ಸಂಗೀತ ಪಾಠ ಶುರುಮಾಡುವಾಗ

ಕಛೇರಿಯಲ್ಲಿ ಪಳಗಿದವರು ಪಾಠ ಹೇಳಲು ಕೂತಾಗ ಹೆಚ್ಚಾಗಿ ಎಡವುವುದು ಒಂದೇ ಕಡೆ: ಶಿಷ್ಯರ ಜೊತೆ ತಾವೂ ಹಾಡುತ್ತಲೇ ಇರುತ್ತಾರೆ. ಆಗ ಮಗು ಗುರುಗಳ ದನಿಗೆ ಜೋತುಬೀಳುತ್ತದೆ, ತಪ್ಪು ಇಬ್ಬರಿಗೂ ಕೇಳಿಸುವುದಿಲ್ಲ. ನಾಲ್ಕು ತರಗತಿ ಮುಗಿಯುವಷ್ಟರಲ್ಲಿ ನಿಮ್ಮ ಗಂಟಲೂ ಕಟ್ಟಿರುತ್ತದೆ. ಒಂದು ಸಾಲನ್ನು ಎರಡು ಸಲ ಹಾಡಿ ತೋರಿಸಿ, ಸುಮ್ಮನಾಗಿ. ತಂಬೂರಿ ನುಡಿಯುತ್ತಿರಲಿ, ಮಗು ಒಂದೇ ಹಾಡಲಿ.

ಶ್ರುತಿ ಶಿಷ್ಯರದ್ದಾಗಿರಬೇಕು, ನಿಮ್ಮದಲ್ಲ. ಹೊಸಬರನ್ನು ಮಧ್ಯಷಡ್ಜದಿಂದ (ನಡುಸ್ಥಾಯಿಯ ‘ಸ’) ತಾರಷಡ್ಜದವರೆಗೆ (ಮೇಲಿನ ಸ್ಥಾಯಿಯ ‘ಸ’) ಅಕಾರದಲ್ಲಿ ಹಾಡಿಸಿ ನೋಡಿ. ಮೇಲೆ ಹೋದಾಗ ಕತ್ತಿನ ನರ ಉಬ್ಬಿದರೆ, ಗದ್ದ ಮೇಲೆದ್ದರೆ ಶ್ರುತಿಯನ್ನು ಅರ್ಧ ಮನೆ (ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಶ್ರುತಿಯ ಅಳತೆ) ಇಳಿಸಿ. ಹೆಂಗಸರಿಗೆ, ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಐದರಿಂದ ಆರು ಮನೆ ಹೊಂದುತ್ತದೆ. ಒಂದು ಮನೆಯಲ್ಲಿ ಹಾಡುವ ಗಂಡಸರಿಗೆ ಇಲ್ಲಿ ಪೇಚು. ಆದರೆ ಒಂದು ಮನೆಯ ಪಂಚಮವೇ ಐದು ಮನೆಯ ಷಡ್ಜ. ನಿಮ್ಮ ಪಂಚಮದಿಂದ ತಾರಪಂಚಮದವರೆಗೆ ಹಾಡಿದರೆ ಮಗುವಿನ ಸ್ಥಾಯಿಯಲ್ಲೇ ಹಾಡಿದಂತಾಗುತ್ತದೆ. ಚುಟುಕಾಗಿ ತೋರಿಸಿ ನಿಲ್ಲಿಸಿ. ಇಡೀ ಸಂಜೆ ಅಲ್ಲೇ ಹಾಡುವ ಸಾಹಸ ಬೇಡ. ದನಿ ಒಡೆಯುತ್ತಿರುವ ಹುಡುಗರಿಗೆ ಶ್ರುತಿ ಇಳಿಸಿ, ತಾರಸ್ಥಾಯಿ ಸದ್ಯಕ್ಕೆ ಬಿಡಿ.

ಸರಳೆ ವರಸೆ, ಅಂದರೆ ಮೊದಮೊದಲ ಸ್ವರಪಾಠ, ನಿಮಗೆ ಬೇಸರ ತರಿಸಬಹುದು, ಕೆಲಸ ಇರುವುದೇ ಅಲ್ಲಿ. ಅದನ್ನು ಕಲಿಸುವ ಮಾಯಾಮಾಳವಗೌಳ ರಾಗದಲ್ಲಿ ಶುದ್ಧ ರಿಷಭ ಷಡ್ಜಕ್ಕೆ ಅಂಟಿಕೊಂಡಿದೆ; ಅಲ್ಲಿಂದ ಅಂತರ ಗಾಂಧಾರಕ್ಕೆ ದೊಡ್ಡ ನೆಗೆತ. ಆ ನೆಗೆತ ಕಷ್ಟವೆಂದು ಮಕ್ಕಳು ರಿಯನ್ನು ಎತ್ತುತ್ತಾರೆ, ಗವನ್ನು ಇಳಿಸುತ್ತಾರೆ. ‘ಸ ರಿ ಸ’, ‘ಮ ಗ ಮ’ ಎಂದು ಬೇರೆಬೇರೆಯಾಗಿ, ಸ್ವರಕ್ಕೆ ನಾಲ್ಕೆಣಿಕೆ ನಿಲ್ಲಿಸಿ ಹಾಡಿಸಿ, ಆಮೇಲೆ ಕೂಡಿಸಿ. ಉತ್ತರಾಂಗದಲ್ಲೂ (ಪ ದಿಂದ ಮೇಲಿನ ಸ ವರೆಗಿನ ಅರ್ಧ) ಅವೇ ಅಂತರಗಳು: ‘ಪ ದ ಪ’, ‘ಸ ನಿ ಸ’.

ಎರಡನೇ ಕಾಲಕ್ಕೆ, ಅಂದರೆ ಎಣಿಕೆಗೆರಡು ಸ್ವರದ ವೇಗಕ್ಕೆ, ಹೋದ ಕೂಡಲೇ ದನಿಯ ಬದಲು ತಾಳ ಹಾಕುವ ಕೈ ಓಡುತ್ತದೆ. ಎಣಿಕೆಗೊಂದು ಸ್ವರ ಎಂಬುದು ಕೈಗೆ ರೂಢಿಯಾಗಿಬಿಟ್ಟಿರುತ್ತದೆ. ಸ್ವರ ನಿಲ್ಲಿಸಿ, ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕಿಟ್ಟು ಆದಿತಾಳ ಹಾಕಿಸಿ. ಎಣಿಕೆಗೆ ಮೊದಲು ‘ತ’, ಮುಂದಿನ ಆವರ್ತ (ತಾಳದ ಒಂದು ಸುತ್ತು) ‘ತಕ’, ಅದರ ಮುಂದಿನದು ‘ತಕಧಿಮಿ’. ಬಾಯಿ ಬದಲಾದರೂ ಕೈ ಬದಲಾಗದೆ ನಿಂತ ಮೇಲೆ ಸ್ವರಕ್ಕೆ ಮರಳಿ.

ಗಮಕದಲ್ಲಿ, ಅಂದರೆ ಸ್ವರವನ್ನು ತೂಗಿ ಜಾರಿಸಿ ಹಾಡುವುದರಲ್ಲಿ, ತೊಡಕು ನಿಮ್ಮದೇ. ಅಷ್ಟು ವರ್ಷ ಹಾಡಿದ್ದರಿಂದ ಅದು ತಾನಾಗಿ ಬರುತ್ತದೆ, ಬಿಡಿಸಿ ಹೇಳಲು ಹೊಳೆಯುವುದಿಲ್ಲ. ‘ಹೀಗೆ ಹಾಡು’ ಎಂದು ಹತ್ತು ಸಲ ಹಾಡಿದರೆ ಮಗು ಸುಮ್ಮನೆ ದನಿ ನಡುಗಿಸುತ್ತದೆ. ತೋಡಿ ರಾಗದ ಗಾಂಧಾರವನ್ನೇ ತೆಗೆದುಕೊಳ್ಳಿ: ‘ರಿ ಮ ರಿ ಮ’ ಎಂದು ಎಣಿಕೆಗೊಂದರಂತೆ ಹಾಡಿಸಿ, ಎರಡನೇ ಕಾಲಕ್ಕೆ ತನ್ನಿ, ನಡುವಿನ ಬಿರುಕು ಮುಚ್ಚಿ ಜಾರಿಸಿ, ಆಮೇಲೆ ಅದನ್ನೇ ‘ಗ’ ಎಂದು ಹೇಳಿಸಿ. ಇದನ್ನು ಪಾಠಕ್ಕೆ ಮುಂಚೆ ಮನೆಯಲ್ಲಿ ನೀವೇ ಬಿಡಿಸಿ ಬರೆದಿಟ್ಟುಕೊಳ್ಳಿ.

ತರಗತಿ 45 ನಿಮಿಷ, ಒಂದು ಗುಂಪಿಗೆ ನಾಲ್ಕೈದು ಜನ ಸಾಕು. ಹೆಚ್ಚಾದರೆ ಒಬ್ಬೊಬ್ಬರಿಂದ ಹಾಡಿಸಲು ಸಮಯ ಉಳಿಯುವುದಿಲ್ಲ. ಶುಲ್ಕ, ರಜೆ, ತಪ್ಪಿದ ಪಾಠದ ಲೆಕ್ಕ ಮೊದಲ ದಿನವೇ ಹೇಳಿಬಿಡಿ. ಹೊಸ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ತಾಳದ ಗೆರೆಗಳೊಂದಿಗೆ ಪುಸ್ತಕದಲ್ಲೂ ಬರೆಯಲಿ.

ನಿಮ್ಮ ಸಾಧನೆ ಬೆಳಗ್ಗೆಯೇ, ನಿಮ್ಮ ಶ್ರುತಿಯಲ್ಲೇ ಮುಗಿಯಲಿ. ಕಛೇರಿಯ ಹಿಂದಿನ ದಿನ ಪಾಠ ಇಟ್ಟುಕೊಳ್ಳಬೇಡಿ.